ಅತ್ತೆಯ ತಟ್ಟೆಯಿಂದ ತೆಗೆದ ಅನ್ನ

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ‘ತಕ್ಕಡಿ’ ಎಂದು. ರೋಗಿಗಳಿಗೆ ಬಡಿಸುವ ಕೆಲಸ. ಸೌಟಿನಲ್ಲಿರುವುದನ್ನು ನೋಡಿದರೆ ಸಾಕು, ತೂಕ ಹೇಳಿಬಿಡುತ್ತಿದ್ದಳು. ಮೇಲ್ವಿಚಾರಕರು ಒಮ್ಮೆ ಪರೀಕ್ಷೆ ಮಾಡಿ ಸೋತು, “ನಿನ್ನ ಕಣ್ಣಿಗೇ ದೃಷ್ಟಿ ತೆಗೀಬೇಕು ತಾಯಿ” ಅಂದಿದ್ದರು. ಆಮೇಲೆ ಕೇಳಬೇಕೆ? ಅವಳನ್ನು ಹಿಡಿಯುವವರೇ ಇಲ್ಲ. ನೆಂಟರ ಮನೆಗೆ ಹೋದರೂ ಪಕ್ಕದವರ ತಟ್ಟೆಯ ಮೇಲೇ ಕಣ್ಣು.

ಅವಳ ಅತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಸೂಜಿಯನ್ನು ತಾವೇ ಚುಚ್ಚಿಕೊಳ್ಳುತ್ತಿದ್ದರು. ಚುಚ್ಚಿಕೊಂಡ ಮೇಲೆ ಡಾಕ್ಟರು ಗೊತ್ತುಮಾಡಿದಷ್ಟು ಉಣ್ಣಲೇಬೇಕು. ಕಡಿಮೆ ಉಂಡರೆ ಸಕ್ಕರೆ ಇಳಿದು ಪ್ರಾಣಕ್ಕೇ ಕುತ್ತು.

ಆ ರಜೆಯ ದಿನ ತಕ್ಕಡಿಯ ಗಂಡನೂ ಮನೆಯಲ್ಲಿದ್ದ; ನಾದಿನಿ ತನ್ನ ಗಂಡನ ಜೊತೆ ಊಟಕ್ಕೆ ಬಂದಿದ್ದಳು. ಅತ್ತೆ ಸೂಜಿ ಚುಚ್ಚಿಕೊಂಡು, ತಮ್ಮ ಪಾಡಿಗೆ ಬಡಿಸಿಕೊಂಡು ಕೂತರು. ತಟ್ಟೆಯ ಅಂಚಿನವರೆಗೂ ಅನ್ನ! ತಕ್ಕಡಿಗೆ ಮೈಯೆಲ್ಲ ಉರಿಯಿತು.

“ಏನತ್ತೆ ಇದು? ಎರಡಾಳಿನ ಊಟ! ಬಾಯಿಚಪಲಕ್ಕೂ ಒಂದು ಮಿತಿ ಬೇಡ್ವಾ?”

“ಇಲ್ಲಮ್ಮ, ದಿನಾ ಹಾಕ್ಕೊಳ್ಳೋವಷ್ಟೇ...”

“ನಂಗೇ ಹೇಳ್ತೀರಾ? ಊರಿಗೆಲ್ಲ ಅಳೆದು ಬಡಿಸೋಳಿಗೆ?”

ಹೀಗಂದವಳೇ ಅರ್ಧ ಅನ್ನವನ್ನು ಸೌಟಿನಲ್ಲಿ ಬಳಿದು ಪಾತ್ರೆಗೆ ಹಾಕಿಬಿಟ್ಟಳು. ಅಳಿಯ ತನ್ನ ತಟ್ಟೆಯನ್ನೇ ನೋಡುತ್ತಾ ಕೂತ. ಅತ್ತೆ ಉಳಿದದ್ದನ್ನು ತಲೆ ತಗ್ಗಿಸಿ ಉಂಡು ಎದ್ದರು.

ಎಲ್ಲರೂ ಹರಟೆ ಹೊಡೆಯುತ್ತಿದ್ದಾಗ ಅತ್ತೆ ಬೆವರತೊಡಗಿದರು. ಕೈ ನಡುಗಿತು, ಮಾತು ತೊದಲಿತು, ಕುರ್ಚಿಯಿಂದ ಪಕ್ಕಕ್ಕೆ ವಾಲಿದರು. ತಕ್ಕಡಿ ಓಡಿಹೋಗಿ ಸಕ್ಕರೆ ನೀರು ತಂದು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು, ಸದ್ಯ.

“ಹೇಗಾಯ್ತು ಅತ್ತಿಗೆ?” ನಾದಿನಿ ಅಳುತ್ತಾ ಕೇಳಿದಳು.

“ಸೂಜಿ ಜಾಸ್ತಿ ಹಾಕ್ಕೊಂಡಿರ್ತಾರೆ. ವಯಸ್ಸಾಯ್ತಲ್ಲ, ಕಣ್ಣು ಕಾಣಲ್ಲ.”

ಅತ್ತೆ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದರು. “ಇರಬಹುದಮ್ಮ” ಅಂದರು.

“ಇನ್ಮೇಲೆ ನೀನು ಸೂಜಿ ಮುಟ್ಟಬೇಡಮ್ಮ. ಇವಳೇ ಹಾಕ್ತಾಳೆ” ಅಂದ ಮಗ. ಅದಕ್ಕೂ ಅತ್ತೆ ಹೂಂ ಅಂದರು.

ತಕ್ಕಡಿ ಪಾತ್ರೆ ತೊಳೆಯಲು ಹೋದಳು. ಅತ್ತೆಯ ತಟ್ಟೆಯನ್ನು ಬೇರೆ ತಟ್ಟೆಯ ಮೇಲಿಟ್ಟರೆ ಅದು ಒಳಗೇ ಕೂತುಬಿಟ್ಟಿತು. ಅಯ್ಯೋ ದೇವರೇ! ಚಿಕ್ಕ ತಟ್ಟೆ. ಹಿಂದಿನ ದಿನ ಅವಳೇ ಅಂಗಡಿಯಿಂದ ತಂದು ಕೊಟ್ಟು ಮರೆತಿದ್ದು. ಚಿಕ್ಕ ತಟ್ಟೆಯಲ್ಲಿ ಸ್ವಲ್ಪ ಊಟವೂ ತುಂಬಿದ ಹಾಗೆ ಕಾಣುತ್ತೆ, ಮುದುಕಿಗೆ ಸಮಾಧಾನ ಅಂತ. ಮುದುಕಿಯೇನೂ ಮೋಸ ಹೋಗಿರಲಿಲ್ಲ. ಮೋಸ ಹೋದವಳು ಇವಳು. ಆದರೂ ಮನಸ್ಸು ಒಪ್ಪದೆ, ಅದೇ ತಟ್ಟೆಗೆ ಅಂಚಿನವರೆಗೂ ಅನ್ನ ಹಾಕಿ ತೂಗಿದಳು. ಡಾಕ್ಟರು ಹೇಳಿದಷ್ಟೇ ಇತ್ತು, ಒಂದು ತುತ್ತೂ ಹೆಚ್ಚಿರಲಿಲ್ಲ.

ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಹೇಳದೆ ಇದ್ದುಬಿಡಬಹುದಿತ್ತು, ಅತ್ತೆ ಬಾಯಿ ಬಿಡುವವರಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಒದ್ದೆ ಕೈಯಲ್ಲೇ ಹೋಗಿ ಎಲ್ಲರೆದುರು ನಿಂತಳು.

“ಸೂಜಿ ಸರಿಯಾಗೇ ಇತ್ತು. ಅನ್ನಾನೂ ಸರಿಯಾಗೇ ಇತ್ತು. ಕಿತ್ಕೊಂಡೋಳು ನಾನು. ತಪ್ಪಾಯ್ತು ಅತ್ತೆ.”

ನಾದಿನಿ ಮುಖ ತಿರುಗಿಸಿದಳು. ಅತ್ತೆ ಮಾತ್ರ, “ಹೋಗ್ಲಿ ಬಿಡಮ್ಮ, ಗೊತ್ತಿಲ್ದೆ ಆಯ್ತು” ಅಂದುಬಿಟ್ಟರು. ಎರಡು ಮಾತು ಬೈದಿದ್ದರಾದರೂ ಅವಳ ಎದೆ ಹಗುರಾಗುತ್ತಿತ್ತು.

ರಾತ್ರಿ ಊಟಕ್ಕೆ ಅತ್ತೆ ಎಂದಿನಂತೆ ಸೌಟು ಹಿಡಿದರು. ಒಂದು ಸೌಟು ಹಾಕಿಕೊಂಡರು. ಎರಡನೆಯದನ್ನು ಎತ್ತಿ, ಅಲ್ಲೇ ತಡೆದು, ಸೊಸೆಯತ್ತ ನೋಡಿದರು.

“ಇದನ್ನ ಹಾಕ್ಕೊಳ್ಳಲಾ ಅಮ್ಮ?”

ತಾವೇ ಕಟ್ಟಿಸಿದ ಮನೆಯಲ್ಲಿ, ಒಂದು ಸೌಟು ಅನ್ನಕ್ಕೆ ಅತ್ತೆ ಅಪ್ಪಣೆ ಕೇಳುತ್ತಿದ್ದರು.