ಬಚ್ಚಲ ಬಾಗಿಲು ಬಡಿಯಬೇಡಿ

ಆ ಮನೆಯಲ್ಲಿ ಇರುವುದು ಐದು ಜನ, ಬಚ್ಚಲು ಒಂದೇ. ಬೆಳಿಗ್ಗೆ ಏಳಾಯಿತೆಂದರೆ ಬಾಗಿಲ ಮುಂದೆ ಗಲಾಟೆ ಶುರು. ಒಳಗೆ ಹೊಕ್ಕ ದೊಡ್ಡ ಮಗಳು ಅರ್ಧ ಗಂಟೆಯಾದರೂ ಹೊರಗೆ ಬರುವುದಿಲ್ಲ.

"ಒಳಗೇ ಸಂಸಾರ ಹೂಡಿದ್ದೀಯೇನೇ? ನನ್ನ ಬಸ್ಸು ಹೋಗುತ್ತೆ!" ಎಂದು ಅಪ್ಪ ಬಾಗಿಲು ಬಡಿಯುತ್ತಾನೆ.

"ಹದಿನೈದರ ವಯಸ್ಸಲ್ವಾ, ಕನ್ನಡಿ ನೋಡ್ಕೋತಾ ನಿಂತಿರ್ತಾಳೆ," ಎಂದು ಅಜ್ಜಿ ನಗುತ್ತಾರೆ. ಏಳು ವರ್ಷದ ಪುಟ್ಟಿಯೂ ಕಿಸಿಕಿಸಿ ನಗುತ್ತಾಳೆ. ಅಮ್ಮ ಮಾತ್ರ ತಲೆ ಎತ್ತುವುದಿಲ್ಲ. ಓಣಿಯವರಿಗೆಲ್ಲ ಅವಳು ಟೈಲರಮ್ಮ. ಮುಂದಿನ ಕೋಣೆಯಲ್ಲಿ ಮೆಷಿನ್ನಿನ ಮುಂದೆ ಕೂತು, ಮನೆಯ ಮಾತು ಕಿವಿಗೆ ಬೀಳದಷ್ಟು ಜೋರಾಗಿ ಪೆಡಲ್ ತುಳಿಯುವುದು ಅವಳಿಗೆ ರೂಢಿ.

ಒಂದು ದಿನ ಅಜ್ಜಿ, ಅಂದರೆ ಟೈಲರಮ್ಮನ ಅತ್ತೆ, ಎರಡು ಮೀಟರ್ ಬಿಳಿ ಬಟ್ಟೆ ತಂದು ಮೆಷಿನ್ನಿನ ಮೇಲಿಟ್ಟರು. "ಪುಟ್ಟಿಗೆ ಸಡಿಲವಾಗಿ ಒಂದು ಲಂಗ ಹೊಲಿ. ಭಾನುವಾರ ಬ್ಲೇಡಜ್ಜಿ ಬರ್ತಾಳೆ."

ಬ್ಲೇಡಜ್ಜಿ ಎಂದರೆ ಹೆಣ್ಣುಮಕ್ಕಳಿಗೆ ಸುನ್ನತಿ ಮಾಡುವ ಮುದುಕಿ. ಮಗುವಿನ ಗುಪ್ತಾಂಗದ ಒಂದು ಭಾಗವನ್ನು ಬ್ಲೇಡಿನಿಂದ ಕತ್ತರಿಸಿ, ಕೈ ತೊಳೆದುಕೊಂಡು ಹೋಗುತ್ತಾಳೆ. ನೋವು ಮಗುವಿನ ಪಾಲಿಗೆ.

ಆ ಲಂಗ ಹೇಗಿರಬೇಕೆಂದು ಟೈಲರಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಲಾಸ್ಟಿಕ್ ಇಲ್ಲ, ಒರಟು ಹೊಲಿಗೆಯಿಲ್ಲ, ಗಾಯಕ್ಕೆ ತಾಗಬಾರದಲ್ಲ! ಓಣಿಯ ಎಷ್ಟೋ ಮಕ್ಕಳಿಗೆ ಅವಳೇ ಹೊಲಿದುಕೊಟ್ಟಿದ್ದಳು. ಎಂಟು ವರ್ಷದ ಹಿಂದೆ ದೊಡ್ಡ ಮಗಳಿಗೂ ಹೊಲಿದಿದ್ದಳು. ಹೊಸ ಬಟ್ಟೆ ಎಂದು ಮಗು ಕುಣಿದಾಡಿತ್ತು. ಆಮೇಲೆ ಬ್ಲೇಡಜ್ಜಿ ಕತ್ತರಿಸುವಾಗ ಅದರ ಕಾಲು ಹಿಡಿದವಳೂ ಅವಳೇ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ನರ್ಸಮ್ಮ ಯೂನಿಫಾರ್ಮ್ ಒಯ್ಯಲು ಬಂದರು. ಆಗಲೂ ಅಪ್ಪ ಬಾಗಿಲು ಬಡಿಯುತ್ತಲೇ ಇದ್ದ. ನರ್ಸಮ್ಮನ ಕಣ್ಣು ಬಿಳಿ ಬಟ್ಟೆಯ ಮೇಲೆ ಬಿತ್ತು. ಅದು ಯಾವುದಕ್ಕೆಂದು ಅವರಿಗೆ ಗೊತ್ತಿತ್ತು.

"ಅಕ್ಕಾ, ದೊಡ್ಡವಳಿಗೆ ಒಂದಕ್ಕೆ ಹೋಗೋದು ಕಷ್ಟಾನಾ?"

ಟೈಲರಮ್ಮ ಜೋರಾಗಿ ಪೆಡಲ್ ತುಳಿಯತೊಡಗಿದಳು. ಬಾಗಿಲು ತೆರೆದು ಹೊರಬಂದ ಮಗಳೇ ಉತ್ತರ ಕೊಟ್ಟಳು. ಅವಳ ಹಣೆ ಬೆವರಿತ್ತು. "ಹನಿ ಹನಿ ಬರುತ್ತೆ. ಬೆಂಕಿಯಿಟ್ಟ ಹಾಗೆ ಉರಿಯುತ್ತೆ. ಇವರು ಬಾಗಿಲು ಬಡಿದ್ರೆ ಅದೂ ನಿಂತುಹೋಗುತ್ತೆ."

ಅಪ್ಪ ಬಸ್ಸಿಗೆ ಹೋಗುವುದನ್ನು ಮರೆತು ನಿಂತ.

"ಬ್ಲೇಡು ತಾಗಿದ ಗಾಯದ ಫಲ ಇದು," ಎಂದರು ನರ್ಸಮ್ಮ. "ಕತ್ತರಿಸುವಾಗ ರಕ್ತ ಹೋಗಿ ಸತ್ತ ಮಕ್ಕಳಿದ್ದಾರೆ. ಬದುಕಿದವರಿಗೆ ಕೀವು, ಮೂತ್ರದ ಕಾಟ, ಮುಂದೆ ಹೆರಿಗೆಯಲ್ಲಿ ತಾಯಿಗೂ ಮಗುವಿಗೂ ಅಪಾಯ."

ಅತ್ತೆ ಸುಮ್ಮನಿರುವವರೇ? "ಗಂಡುಮಕ್ಕಳಿಗೂ ಮಾಡಿಸ್ತಾರಲ್ಲ, ಅದನ್ನ ಯಾಕೆ ಕೇಳಲ್ಲ?"

"ಕೇಳೋರು ಇದ್ದಾರೆ ಅಜ್ಜಿ. ಹುಡುಗ ದೊಡ್ಡವನಾಗಿ ತಾನೇ ತೀರ್ಮಾನ ಮಾಡ್ಲಿ ಅಂತಾರೆ. ಗಂಡುಮಕ್ಕಳಿಗೆ ತೆಗೆಯೋದು ತುದಿಯ ಚರ್ಮ. ಕೆಲವು ಧರ್ಮಗಳಲ್ಲಿ ಅದು ವಿಧಿ. ಅದರಿಂದ ಕೆಲವು ಸೋಂಕು ಕಡಿಮೆ ಆಗುತ್ತೆ ಅಂತ ಡಾಕ್ಟರೂ ಹೇಳ್ತಾರೆ. ಅದರಲ್ಲೂ ಅಪಾಯ ಇಲ್ಲದಿಲ್ಲ. ಮಾಡಿಸೋದೇ ಆದ್ರೆ ಆಸ್ಪತ್ರೆಯಲ್ಲಿ, ನೋವಾಗದ ಹಾಗೆ ಇಂಜೆಕ್ಷನ್ ಕೊಟ್ಟು ಮಾಡಿಸಬೇಕು. ಹುಡುಗಿಯರದ್ದು ಹಾಗಲ್ಲ. ಅದರಿಂದ ಒಂದೇ ಒಂದು ಉಪಯೋಗ ಇಲ್ಲ. ಆಸ್ಪತ್ರೆಯಲ್ಲಿ ಮಾಡಿಸಿದ್ರೂ ತಪ್ಪು ತಪ್ಪೇ."

"ನಮ್ಮ ಧರ್ಮದಲ್ಲಿ ಹೇಳಿದೆ ಕಣಮ್ಮ!"

"ಎಲ್ಲಿ ಹೇಳಿದೆ ಅಂತ ಗುರುಗಳನ್ನೇ ಕೇಳಿ ಬನ್ನಿ."

ಅತ್ತೆ ಸೊಸೆ ಇಬ್ಬರೂ ಅಂದೇ ಹೋದರು. ಧರ್ಮಗುರುಗಳು ಕನ್ನಡಕ ಒರೆಸಿಕೊಂಡು, "ಹೆಣ್ಣುಮಗೂನ ಕತ್ತರಿಸಿ ಅಂತ ನಮ್ಮ ಗ್ರಂಥದಲ್ಲಿ ಎಲ್ಲೂ ಇಲ್ಲ. ಅದು ಜನ ಮಾಡಿಕೊಂಡಿರೋ ರೂಢಿ," ಎಂದರು.

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದಳು ಟೈಲರಮ್ಮ.

"ಯಾರೂ ಕೇಳಲಿಲ್ಲವಲ್ಲ ತಾಯಿ."

ಅಷ್ಟು ಸುಲಭದ ಉತ್ತರ! ವಾಪಸು ಬಂದಾಗ ಅತ್ತೆ ಮನೆಯ ಹೊಸ್ತಿಲ ಬಳಿ ನಿಂತು, "ನನಗೂ ಜೀವಮಾನವಿಡೀ ಹಾಗೇ ಉರೀತು ಕಣೇ. ಹೆಣ್ಣು ಅಂದ್ರೆ ಇಷ್ಟೇ ಅಂದ್ಕೊಂಡಿದ್ದೆ," ಎಂದರು. ಭಾನುವಾರ ಬ್ಲೇಡಜ್ಜಿ ಬಂದಾಗ ಬಾಗಿಲಿಗೆ ಅಡ್ಡ ನಿಂತು ವಾಪಸು ಕಳಿಸಿದವರೂ ಅವರೇ.

ಅಪ್ಪ ಕೆಲಸಕ್ಕೆ ರಜೆ ಹಾಕಿ ದೊಡ್ಡ ಮಗಳನ್ನು ಆಸ್ಪತ್ರೆಗೆ ಕರೆದೊಯ್ದ. "ಹೆಂಗಸರ ವಿಷಯ ಅಂತ ನಾನು ತಲೆ ಹಾಕಲಿಲ್ಲ," ಎಂದ. ಉರಿಯನ್ನು ಕಡಿಮೆ ಮಾಡಬಹುದು, ಕತ್ತರಿಸಿದ್ದನ್ನು ಮೊದಲಿನಂತೆ ಮಾಡಲಾಗದು ಎಂದರು ಡಾಕ್ಟರು.

ಟೈಲರಮ್ಮ ಆ ಬಿಳಿ ಬಟ್ಟೆಯಲ್ಲಿ ಪುಟ್ಟಿಗೆ ಶಾಲೆಯ ಷರ್ಟು ಹೊಲಿಯುತ್ತಿದ್ದಳು. ದೊಡ್ಡವಳು ಬಂದು ಪಕ್ಕದಲ್ಲಿ ಕೂತಳು.

"ಪುಟ್ಟಿಗೆ ಬೇಡ ಅಂದ್ರಲ್ಲ, ಒಳ್ಳೇದಾಯ್ತು ಅಮ್ಮಾ. ನನಗೆ ಯಾಕೆ ಯಾರೂ ಬೇಡ ಅನ್ನಲಿಲ್ಲ?"

ಟೈಲರಮ್ಮನ ಕಾಲು ಪೆಡಲಿನ ಮೇಲಿತ್ತು. ಆದರೆ ಈ ಸಲ ಅವಳು ತುಳಿಯಲಿಲ್ಲ. "ನಿನ್ನ ಕಾಲು ಹಿಡಿದವಳು ನಾನೇ ಮಗಳೇ. ತಪ್ಪಾಯ್ತು," ಎಂದಳು. ಮಗಳು ಅತ್ತಳು. ಆದರೆ ಪರವಾಗಿಲ್ಲ ಎನ್ನಲಿಲ್ಲ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿಯರೇ, ನಿಮ್ಮ ಮನೆಯಲ್ಲೂ ಒಬ್ಬಳು ಪುಟ್ಟಿ ಇದ್ದರೆ ಇಂದೇ ಬೇಡ ಎನ್ನಿ. ಧರ್ಮದ ಮಾತು ಬಂದರೆ ಗುರುಗಳನ್ನು ಕೇಳಿ, ದೇಹದ ಮಾತು ಬಂದರೆ ನರ್ಸನ್ನು ಕೇಳಿ. ಆಗಲೇ ಗಾಯಗೊಂಡ ಮಗಳಿದ್ದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಆ ಮನೆಯ ಬಚ್ಚಲ ಬಾಗಿಲು ಬೆಳಿಗ್ಗೆ ಈಗಲೂ ತುಂಬಾ ಹೊತ್ತು ಮುಚ್ಚಿಯೇ ಇರುತ್ತದೆ. ಹೊರಗೆ ನಾಲ್ಕು ಜನ ಕಾಯುತ್ತಾರೆ, ಯಾರೂ ಬಡಿಯುವುದಿಲ್ಲ.