ಚೀಟಿ ಕೇಳದ ಮಾತ್ರೆ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆಯೇ ಸೊಸೆ ಕುಸಿದುಬಿದ್ದಿದ್ದಳು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ, ಪಕ್ಕದ ಯಂತ್ರದ ಗೆಳತಿ ತನ್ನ ಸ್ವೆಟರನ್ನು ಮಡಚಿ ಅವಳ ತಲೆಯ ಕೆಳಗಿಟ್ಟು, ಬಾಯಿ ಒರೆಸುತ್ತ ನಿಂತಿದ್ದಳು.

ಇಸಿಜಿ ಪಟ್ಟಿಯನ್ನು ಡಾಕ್ಟರು ಎರಡು ಸಲ ನೋಡಿದರು.

"ಎದೆಬಡಿತ ಲಯ ತಪ್ತಿದೆ. ಏನಾದ್ರೂ ಮಾತ್ರೆ ತಗೋತೀಯಾಮ್ಮ?"

"ಇಲ್ಲ ಡಾಕ್ಟ್ರೇ."

ಮತ್ತೆ ವಾಂತಿಯಾಯಿತು. ನರ್ಸ್ ವಾಂತಿ ನಿಲ್ಲಿಸುವ ಇಂಜೆಕ್ಷನ್ ತಂದಳು.

"ಸರಿಯಾಗಿ ಹೇಳು," ಎಂದರು ಡಾಕ್ಟರು. "ಕೆಲವು ಮಾತ್ರೆ ಮೇಲೆ ಇದನ್ನ ಕೊಟ್ರೆ ಹೃದಯ ನಿಂತೇ ಹೋಗಬಹುದು."

ಸೊಸೆ ನನ್ನ ಕೈ ಅದುಮಿದಳು. ಬಾಗಿಲಲ್ಲಿ ಅವರ ಕಾರ್ಖಾನೆಯ ಮೇಲ್ವಿಚಾರಕ ನಿಂತಿದ್ದ.

ಅವರ ಸಾಲಿನಲ್ಲಿ ನಲವತ್ತು ಹೆಂಗಸರು. ಶೌಚಾಲಯಕ್ಕೆ ಹೋಗಲು ಗೋಡೆಯ ಮೊಳೆಯಲ್ಲಿ ನೇತುಹಾಕಿದ ಮರದ ಬಿಲ್ಲೆ ಒಂದೇ. ಅದನ್ನು ದಿನಕ್ಕೆ ಎರಡಕ್ಕಿಂತ ಹೆಚ್ಚು ಸಲ ತೆಗೆದವರ ಹೆಸರನ್ನು ಮೈಕಿನಲ್ಲಿ ಓದುತ್ತಿದ್ದರು. ಸೊಸೆಯ ಹೊಟ್ಟೆ ಮೊದಲಿನಿಂದಲೂ ಸೂಕ್ಷ್ಮ. ಅದಕ್ಕೇ ಭೇದಿ ನಿಲ್ಲಿಸುವ ಮಾತ್ರೆ ಶುರುಮಾಡಿದ್ದಳು. "ಅಂಗಡೀಲಿ ಡಾಕ್ಟ್ರ ಚೀಟಿ ಕೇಳ್ದೇ ಕೊಡ್ತಾರೆ ಅತ್ತೆ, ಏನೂ ಆಗಲ್ಲ" ಎಂದಿದ್ದಳು. ಡಿಗ್ರಿ ಓದಿದ ನಾನೂ ಅದನ್ನೇ ನಂಬಿ, ಬೆಳಿಗ್ಗೆ ನುಂಗಲು ನೀರು ಬಗ್ಗಿಸಿ ಕೊಡುತ್ತಿದ್ದೆ.

"ಭೇದಿ ಮಾತ್ರೆ ತಗೋತಾಳೆ," ಎಂದೆ. "ಎಷ್ಟು ಅಂತ ನನಗೆ ಗೊತ್ತಿಲ್ಲ."

ಸೊಸೆಯ ಕೈ ನನ್ನ ಕೈಯಿಂದ ಜಾರಿತು.

"ದಿನಕ್ಕೆ ಇಪ್ಪತ್ತು," ಎಂದಳು ಗೆಳತಿ, ಮೇಲ್ವಿಚಾರಕನ ಕಡೆ ನೋಡದೆ. "ಮೊದಲು ಎರಡೇ ಇತ್ತು. ಆಮೇಲೆ ಹೊಟ್ಟೆ ಬಗ್ಗಲಿಲ್ಲ."

ಡಾಕ್ಟರು ನರ್ಸಿನ ಕೈ ತಡೆದರು. ಅದರ ಬದಲು ಸಲೈನು ಹಚ್ಚಿಸಿ, ಸೊಸೆಯ ಎದೆಯ ಮೇಲಿನ ವೈರುಗಳನ್ನು ಮತ್ತೊಂದು ಯಂತ್ರಕ್ಕೆ ಸಿಕ್ಕಿಸಿದರು.

"ತಾನಾಗಿ ತಗೊಂಡ್ರೆ ದಿನಕ್ಕೆ ನಾಲ್ಕು ದಾಟಬಾರದು. ಇನ್ನೆರಡು ದಿನ ಇಲ್ಲೇ ಇರಬೇಕು. ಉಳ್ಕೋತಾಳೆ, ಈಗ ಹೇಳಿದ್ರಿಂದ."

ಮೇಲ್ವಿಚಾರಕ ಫೋನು ಕಿವಿಗಿಟ್ಟುಕೊಂಡು ಆಚೆ ಹೋದ.

"ನಾಳೆ ನನ್ನ ಮೆಷಿನ್ನಿಗೆ ಬೇರೆಯವಳು ಬರ್ತಾಳೆ, ಅತ್ತೆ."

"ಬರ್ಲಿ ಬಿಡು."

ಅವಳು ಗೋಡೆಯ ಕಡೆ ತಿರುಗಿದಳು. ನನಗೆ ಅಳು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಕೈಯನ್ನು ಹಾಗೇ ಚಾಚಿಕೊಂಡು ಕೂತಿದ್ದೆ.

ನರ್ಸ್ ಗೆಳತಿಯನ್ನು ಮೆಲ್ಲಗೆ ಕೇಳಿದಳು, "ನೀನೆಷ್ಟು ತಗೋತೀಯಮ್ಮ?"

"ನಾನಾ? ಎಂಟು. ಇವಳ ಮುಂದೆ ನಾನಿನ್ನೂ ಒಂದನೇ ಕ್ಲಾಸು."

ನರ್ಸ್ ಪಕ್ಕದ ಮಂಚದ ಹಾಸಿಗೆ ಸರಿಪಡಿಸಿ, "ಮಲಕ್ಕೋ, ನಿಂದೂ ನೋಡೋಣ" ಎಂದಳು. ಗೆಳತಿ ಗಡಿಯಾರ ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ಮಲಗಿದಳು.