ಮೂರು ಸಲ ನೀರು

"ಅಲ್ಲೇ ಬಿಸಾಡು ಮಾರಾಯ, ಹತ್ರ ಬರ್ಬೇಡ! ಎಲ್ಲಿಂದ ಬಂದದ್ದೋ, ಯಾರ್ಯಾರು ಮುಟ್ಟಿದ್ದೋ! ಬೇವರ್ಸಿ, ನಿನ್ನ ನೆರಳು ಉದ್ದಿನ ಹಿಟ್ಟಿನ ಮೇಲೆ ಬಿತ್ತು, ಕಣ್ಣು ಕಾಣುದಿಲ್ವಾ?"

ಐತ ಒಂದು ಹೆಜ್ಜೆ ಹಿಂದೆ ಸರಿದ. ನೆರಳನ್ನೂ ಜೊತೆಗೇ ಕರೆದುಕೊಂಡು ಹೋದ. ಮದ್ರಾಸಿನ ತಿರುವಲ್ಲಿಕ್ಕೇಣಿಯ ಆ ಹೋಟೆಲಿನ ಹಿಂಬಾಗಿಲಲ್ಲಿ, ಚರಂಡಿಯ ಆಚೆ ನಿಂತು, ಅನ್ನ ಬಸಿಯುವ ನಾಲ್ಕು ಬಿದಿರು ಬುಟ್ಟಿಗಳನ್ನು ಒಂದೊಂದಾಗಿ ಒಳಕ್ಕೆ ಎಸೆದ. ಅಡುಗೆಯ ಚಂದು ಚೊಂಬು ಹಿಡಿದು ಬಂದು, ಮಾವಿನೆಲೆ ಅದ್ದಿ, ಪ್ರತಿ ಬುಟ್ಟಿಯ ಮೇಲೂ ಮೂರು ಸಲ ನೀರು ಚಿಮುಕಿಸಿದ. ಬುಟ್ಟಿಗಳು ಶುದ್ಧವಾದವು. ಐತ ಮಾತ್ರ ಹಾಗೇ ಉಳಿದ.

ಆಗಿನಿಂದ ಕೂಗಾಡುತ್ತಿದ್ದ ಯಜಮಾನರು ಹರಿದಾಸ ಭಟ್ಟರು ಒಂದು ರೂಪಾಯಿಯನ್ನು ಸೊಂಟದೆತ್ತರದಿಂದ ಕೆಳಗೆ ಬಿಟ್ಟರು. ಅದು ಉರುಳಿ ಚರಂಡಿಯ ಅಂಚಿಗೆ ಹೋಯಿತು.

"ನಾಲ್ಕಕ್ಕೆ ಒಂದ್ರುಪಾಯಿ. ಬೇಕಾದ್ರೆ ತಗೋ, ಇಲ್ಲಾಂದ್ರೆ ಪೋ."

ಐತ ಬಗ್ಗಿ ಹೆಕ್ಕಿದ. ಹೊಟ್ಟೆಗೆ ಅಕ್ಕಿ ಬೇಕಿತ್ತಲ್ಲ.

ಕಾಲುವೆಯ ದಂಡೆಯಲ್ಲಿ ಬುಟ್ಟಿ ಹೆಣೆಯುವ ಗುಡಿಸಲುಗಳು ಮೂರು. ಮೂರೂ ಮನೆಯವರು ಭಟ್ಟರ ಕಡೆಯವರೇ, ಅಂದರೆ ಮಂಗಳೂರಿನ ಕಡೆಯ ಅದೇ ಕರಾವಳಿಯಿಂದ ಮದ್ರಾಸಿಗೆ ಬಂದವರು. ಭಟ್ಟರು ಊರಿನಿಂದ ಸಾರಿನ ರುಚಿ ತಂದಿದ್ದರು, ಚೊಂಬನ್ನೂ ಮರೆಯದೆ ತಂದಿದ್ದರು.

ಗುಡಿಸಲುಗಳ ಎದುರಿಗೆ ಒಂದು ಚರ್ಚು. ಅದರ ಪಾದ್ರಿ ಜ್ಞಾನಮುತ್ತು ತಮಿಳರು. ಮಂಗಳೂರಿನಲ್ಲಿ ನಾಲ್ಕು ವರ್ಷ ಓದಿ ಕನ್ನಡ ಕಲಿತಿದ್ದರು, ಆದರೆ ಕಲಿತದ್ದು ಬೈಬಲಿನಿಂದ. ಅವರು ಬಾಯಿ ತೆರೆದರೆ ಸೊಪ್ಪಿನವಳಿಗೂ ಪ್ರವಾದಿಯೊಬ್ಬ ಎದುರು ನಿಂತಂತೆ ಭಯವಾಗುತ್ತಿತ್ತು.

"ಎಲೈ ಐತನೇ, ಈ ಬುಟ್ಟಿಗಾಗಿ ನೀನು ಎಷ್ಟು ದಿವಸ ಪ್ರಯಾಸಪಟ್ಟಿ?" ಎಂದು ಒಂದು ದಿನ ಕೇಳಿದರು.

"ಬಿದಿರು ಸೀಳೂದು ಸೇರಿ ಒಂದು ದಿನ, ಸಾಮಿ."

"ಹಾಗಾದರೆ ಇದರ ಬೆಲೆಯನ್ನು ನೀನೇ ಹೇಳತಕ್ಕದ್ದು."

ಹುಟ್ಟಿದಾಗಿನಿಂದ ಯಾರೂ ಐತನನ್ನು ಬೆಲೆ ಕೇಳಿರಲಿಲ್ಲ. ಭಟ್ಟರು ಎಲ್ಲಾದರೂ ನಿಂತಿದ್ದಾರೋ ಎಂದು ಹಿಂದೆ ಮುಂದೆ ನೋಡಿ, "ಒಂದೂವರೆ ರೂಪಾಯಿ" ಎಂದು ಪಿಸುಗುಟ್ಟಿದ. ಪಾದ್ರಿಗಳು ಅದನ್ನೇ ದಪ್ಪ ಅಕ್ಷರದಲ್ಲಿ ಹಲಗೆಗೆ ಬರೆಸಿ, ಚರ್ಚಿನ ಅಂಗಳದ ಬೇವಿನ ಮರಕ್ಕೆ ತೂಗುಹಾಕಿದರು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಅಲ್ಲಿ ಮನೆಗೊಂದರಂತೆ ಮೂರು ಚಾಪೆ. ನಿಯಮ ಎರಡೇ: ಯಾರು ಬಂದರೂ ಒಂದೇ ಬೆಲೆ, ಸಾಮಾನೂ ದುಡ್ಡೂ ಕೈಯಿಂದ ಕೈಗೆ.

"ಹಂಗಾದ್ರೆ ನಾವು ಕ್ರಿಸ್ತಾನರಾಗ್ಬೇಕಾ ಸಾಮಿ?" ಎಂದು ಐತನ ಹೆಂಡತಿ ಸರಸ ನೇರವಾಗಿ ಕೇಳಿದಳು.

"ಬುಟ್ಟಿ ಹೆಣೆಯತಕ್ಕದ್ದು. ಅಷ್ಟೇ."

ಇನ್ನು ಯಾರೂ ಯಾವ ಹಿಂಬಾಗಿಲಿಗೂ ಹೋಗಕೂಡದೆಂದು ಮೂರೂ ಮನೆಯವರು ಮಾತಾಡಿಕೊಂಡರು. ಮೊದಲ ಭಾನುವಾರ ಚರ್ಚಿನ ಹೆಂಗಸರು ಒಂದೊಂದು ಬುಟ್ಟಿ ಕೊಂಡರು. ಆದರೆ ಐತನ ಬುಟ್ಟಿ ಮನೆಬಳಕೆಗೆ ಮೂರು ವರ್ಷ ಬಾಳುತ್ತದೆ. ಹೋಟೆಲಿನವರು ಬಾರದೆ ಒಲೆ ಉರಿಯುವಂತಿರಲಿಲ್ಲ. ಭಟ್ಟರು ಬರಲಿಲ್ಲ. ಮೂರನೇ ವಾರಕ್ಕೆ ಸರಸ ಅಕ್ಕಿ ಡಬ್ಬದ ತಳ ಕೆರೆದಳು. ಐತ ಸದ್ದಿಲ್ಲದೆ ಟವೆಲು ಹೆಗಲಿಗೆ ಹಾಕಿಕೊಂಡ.

"ಎಲ್ಲಿಗೆ?"

"ಸುಮ್ನೆ. ಭಟ್ರ ಕಡೆಗೆ."

"ಹೋಗಿ. ಹೋದ್ರೆ ಆ ಚರಂಡಿ ಹತ್ರವೇ ಚಾಪೆ ಹಾಸ್ಕೊಳ್ಳಿ. ಇಲ್ಲಿಗೆ ಬರ್ಬೇಡಿ."

ಐತ ಟವೆಲು ತೆಗೆದು ಮುಖ ಒರೆಸಿಕೊಂಡ, ಅದಕ್ಕೇ ತೆಗೆದುಕೊಂಡಿದ್ದವನ ಹಾಗೆ.

ಅಷ್ಟರಲ್ಲಿ ಭಟ್ಟರಿಗೆ ಸಾವಿರ ಜನರ ಮದುವೆ ಊಟದ ಗುತ್ತಿಗೆ ಸಿಕ್ಕಿತು. ಹಳೆಯ ಬುಟ್ಟಿಗಳನ್ನು ಹೊರಗೆ ತೆಗೆದು ಬಿಸಿ ಅನ್ನ ಸುರಿದರೆ, ತಳ ಕಿತ್ತುಕೊಂಡು ಅನ್ನ ಚಂದುವಿನ ಪಾದದ ಮೇಲೇ ಬಿತ್ತು. ಮದುವೆ ಸೋಮವಾರ. ಭಾನುವಾರ ಬೆಳಿಗ್ಗೆ ಚಂದು ಕುಂಟುತ್ತ ಚರ್ಚಿಗೆ ಬಂದ.

"ಹನ್ನೆರಡು ಬೇಕು ಐತ. ಹಲಗೆಯ ರೇಟೇ ಕೊಡ್ತಾರಂತೆ. ಬೇಗ ಕೊಡು."

ಐತನಿಗೆ ಜೀವ ಬಂದಂತಾಯಿತು. ಕೈ ಬುಟ್ಟಿಯ ಮೇಲೆ ಹೋಗಿಯೂ ಇತ್ತು. ಆಗ ಎಲ್ಲಿಂದಲೋ ಒಂದು ಕಿಡಿಗೇಡಿ ಬುದ್ಧಿ ಬಂತು.

"ಮೂರನೇ ಕಾನೂನು ಉಂಟು ಚಂದಣ್ಣ. ಯಜಮಾನ್ರೇ ಬರ್ಬೇಕು."

ಹೀಗೊಂದು ಕಾನೂನು ಇರುವುದು ಪಾದ್ರಿಗಳಿಗೇ ಗೊತ್ತಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಚಂದು ಚರ್ಚಿನವರು ಕೊಟ್ಟ ಕಾಫಿ ಕುಡಿದು, ಕೇಕನ್ನೂ ತಿಂದು, ಬಾಯಿ ಒರೆಸಿಕೊಂಡು, ಬರಿಗೈಯಲ್ಲಿ ಹಿಂದಿರುಗಿದ.

ಅರ್ಧ ಗಂಟೆಯಲ್ಲಿ ಭಟ್ಟರ ಜಟಕಾ ಬಂತು. ಗೇಟಿನ ಹೊರಗೇ ನಿಂತು ಕೂಗಿದರು.

"ಏ ಐತ! ಇಲ್ಲಿಗೆ ತಂದು ಕೊಡು ಮಾರಾಯ!"

"ಒಳಗೆ ಬನ್ನಿ ಧನಿ. ನಿಮ್ಮ ನೆರಳು ಎಲ್ಲಿ ಬೇಕಾದ್ರೂ ಬೀಳ್ಲಿ. ಇಲ್ಲಿ ಹಿಟ್ಟು ಇಲ್ಲ."

ಚರ್ಚಿನ ಮೆಟ್ಟಿಲ ಮೇಲಿದ್ದವರೆಲ್ಲ ಮನೆಗೆ ಹೋಗುವುದನ್ನು ಮರೆತರು. ಭಟ್ಟರು ಪಂಚೆಯನ್ನು ಮೊಣಕಾಲಿಗೆ ಎತ್ತಿ, ಏನೋ ಮಂತ್ರ ಮಣಮಣಿಸುತ್ತ, ಒಣಗಿದ ಅಂಗಳದಲ್ಲಿ ಕೆಸರು ದಾಟುವವರಂತೆ ನಡೆದು ಬಂದರು. ಐತ ತನ್ನ ಚಾಪೆಯಲ್ಲಿದ್ದ ನಾಲ್ಕೂ ಬುಟ್ಟಿ ಎತ್ತಿ ಕೈಗೇ ಚಾಚಿದ. ಭಟ್ಟರು ಎರಡೇ ಬೆರಳಲ್ಲಿ ಹಿಡಿದರು. ಆರು ರೂಪಾಯಿ ಕೊಡುವಾಗ ಮಾತ್ರ ಹಳೇ ಅಭ್ಯಾಸ ಬಿಡಲಿಲ್ಲ. ನೋಟುಗಳು ಸೊಂಟದೆತ್ತರದಿಂದ ಚಾಪೆಯ ಮೇಲೆ ಬಿದ್ದವು.

ಐತ ಅವನ್ನು ಮುಟ್ಟಲಿಲ್ಲ.

"ಸರಸ, ಚೊಂಬು ತಾ."

ತಂದಳು. ಐತ ಬೇವಿನ ಎಸಳೊಂದನ್ನು ಮುರಿದು ನೀರಿಗೆ ಅದ್ದಿ, ಭಟ್ಟರ ನೋಟುಗಳ ಮೇಲೆ ಚಿಮುಕಿಸಿದ. ಒಂದು ಸಲ. ಎರಡು ಸಲ. ಮೂರು ಸಲ. ಚಂದು ಮಾಡುತ್ತಿದ್ದ ಹಾಗೆಯೇ, ನಿಧಾನವಾಗಿ, ಮೂಲೆಗಳನ್ನೂ ಬಿಡದೆ.

"ಏನೋ ಅದು, ರಂಡೆಮಗನೇ!"

"ಎಲ್ಲಿಂದ ಬಂದದ್ದೋ ಧನಿ, ಯಾರ್ಯಾರು ಮುಟ್ಟಿದ್ದೋ."

ಭಟ್ಟರು ಕೆಂಪಾಗಿ ಪಾದ್ರಿಗಳ ಕಡೆ ತಿರುಗಿದರು. "ಎಂಥ ಇದು? ಇದು ನಿಮ್ಮ ಕಾನೂನಾ?"

"ಅಲ್ಲ," ಎಂದರು ಪಾದ್ರಿಗಳು ತಮ್ಮ ದಪ್ಪ ಕನ್ನಡದಲ್ಲಿ. "ಇದು ನಿಮ್ಮದೇ ಎಂಬುದಾಗಿ ಕೇಳಿದ್ದೇನೆ."

ಐತ ಒದ್ದೆ ನೋಟುಗಳನ್ನು ಎತ್ತಿ, ಬಿಸಿಲಿಗೆ ಹರವಿದ. ಭಟ್ಟರು ಹೊರಟುಬಿಡಲು ಗೇಟಿನ ಕಡೆ ನೋಡಿದರು, ಕೈಯಲ್ಲಿದ್ದ ಬುಟ್ಟಿಗಳನ್ನೂ ನೋಡಿದರು. ನಾಲ್ಕೇ ಇದ್ದವು. ನಾಳೆ ಸಾವಿರ ಜನ ಉಣ್ಣುವವರು.

ಅವರು ಪಕ್ಕದ ಚಾಪೆಯ ಮುಂದೆ ನಿಂತರು. ಸರಸ ಚೊಂಬನ್ನು ಅಲ್ಲಿಗೆ ದಾಟಿಸಿದಳು.